ನೋವಿಲ್ಲದ ಹಲ್ಲೂ ಹುಳುಕಾಗಿರುತ್ತದೆ

ಮಾನ್ಯ ಸಂಪಾದಕರೇ,

ಹಲ್ಲಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ‘ದಿನಕ್ಕೆ ಎರಡು ಸಲ ಉಜ್ಜಿ, ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ’ ಎಂಬಲ್ಲಿಗೆ ಮುಗಿಯುತ್ತವೆ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಎಷ್ಟು ಪೇಸ್ಟ್, ಯಾವ ಹೊತ್ತಿಗೆ, ಹಲ್ಲಿನ ಯಾವ ಬದಿಗೆ, ಉಜ್ಜಿದ ಮೇಲೆ ಏನು ಮಾಡಬಾರದು ಎಂಬುದು ಅಲ್ಲಿ ಅಪರೂಪ. ಜೊತೆಗೆ, ಬಹಳಷ್ಟು ಮನೆಗಳಲ್ಲಿ ಹಲ್ಲಿನ ಸ್ಥಿತಿಯನ್ನು ಅಳೆಯುವುದು ನೋವಿನಿಂದ: ನೋವಿಲ್ಲವೇ, ಹಾಗಾದರೆ ಎಲ್ಲ ಸರಿಯಿದೆ. ದಂತವೈದ್ಯರಾದ ನಮಗೆ ಈ ಪತ್ರ ಬರೆಯಬೇಕೆನಿಸಿದ್ದು ಈ ಲೆಕ್ಕಾಚಾರಕ್ಕಾಗಿಯೇ. ಮಗುವಿನಿಂದ ಅಜ್ಜ-ಅಜ್ಜಿಯವರೆಗೆ ಎಲ್ಲರ ಬಾಯಲ್ಲೂ ಅದು ಕೈಕೊಡುತ್ತದೆ.

ಹಲ್ಲಿನ ಹೊರಪದರವಾದ ಎನಾಮಲ್ ದೇಹದಲ್ಲೇ ಅತಿ ಗಟ್ಟಿಯಾದ ಭಾಗ. ಅದರ ತೂಕದ ಸುಮಾರು ಶೇ 96ರಷ್ಟು ಖನಿಜ. ಅದರಲ್ಲಿ ನರವಿಲ್ಲ, ರಕ್ತನಾಳವಿಲ್ಲ, ಜೀವಕೋಶವೂ ಇಲ್ಲ. ಹಾಗಾಗಿ ಅದು ಕರಗುವಾಗ ನೋಯುವುದಿಲ್ಲ, ಕುಳಿ ಬಿದ್ದ ಮೇಲೆ ಮತ್ತೆ ಬೆಳೆದು ತುಂಬಿಕೊಳ್ಳುವುದೂ ಇಲ್ಲ. ಹುಳುಕು ಕೆಳಗಿನ ಡೆಂಟಿನ್ ಪದರಕ್ಕೆ ಇಳಿದಾಗ ತಣ್ಣಗಿನದೋ ಸಿಹಿಯೋ ತಾಗಿ ಜುಮ್ಮೆನ್ನಬಹುದು, ಅನ್ನದೆಯೂ ಇರಬಹುದು. ನಿದ್ದೆಗೆಡಿಸುವ ನೋವು ಶುರುವಾಗುವುದು ಹುಳುಕು ನರ, ರಕ್ತನಾಳಗಳಿರುವ ಒಳತಿರುಳಿನ ಹತ್ತಿರ ಬಂದಾಗ. ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಅಷ್ಟರಲ್ಲಿ ತಿರುಳು ತೆಗೆದು ಒಳಗನ್ನು ತುಂಬುವ ರೂಟ್ ಕೆನಾಲ್‌ವರೆಗೆ ಹೋಗಿರುತ್ತದೆ. ಆದರೆ ಕುಳಿ ಬೀಳುವುದಕ್ಕೂ ಮೊದಲು ಒಂದು ಹಂತವಿದೆ. ಒಸಡಿನ ಅಂಚಿನಲ್ಲಿ ಹೊಳಪು ಕಳೆದುಕೊಂಡ ಮಂಕು ಬಿಳಿ ಗೆರೆ ಮೂಡುತ್ತದೆ. ಎಂಜಲಿನಿಂದ ಒದ್ದೆಯಾಗಿದ್ದಾಗ ಅದು ಕಾಣುವುದಿಲ್ಲ. ಹತ್ತಿಯಿಂದ ಹಲ್ಲನ್ನು ಒರೆಸಿ ಬೆಳಕಿನಲ್ಲಿ ನೋಡಬೇಕು. ಈ ಹಂತದಲ್ಲಿ ಪೇಸ್ಟಿನಲ್ಲಿರುವ ಫ್ಲೋರೈಡ್ ಮತ್ತು ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕಳೆದುಹೋದ ಖನಿಜವನ್ನು ಮರಳಿ ತುಂಬಬಲ್ಲವು, ಡ್ರಿಲ್ ಬೇಕಿಲ್ಲ.

ಸಿಹಿ ತಿಂದರೆ ಹಲ್ಲು ಹಾಳು ಎಂಬುದು ಅರ್ಧ ಮಾತು. ಹಲ್ಲಿಗಂಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡಲು ಕೆಲವೇ ನಿಮಿಷ ಸಾಕು. ಆಮ್ಲದ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ತೊಡಗುತ್ತದೆ. ಎಂಜಲು ಆ ಆಮ್ಲವನ್ನು ತೊಳೆದು ಮಟ್ಟ ಮೇಲೆತ್ತಲು ಅರ್ಧ ಗಂಟೆ, ಕೆಲವರಲ್ಲಿ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಎಷ್ಟು ಸಿಹಿ ಎಂಬುದರಷ್ಟೇ, ಬಹಳ ಸಲ ಅದಕ್ಕಿಂತ ಹೆಚ್ಚಾಗಿ, ದಿನದಲ್ಲಿ ಎಷ್ಟು ಬಾರಿ ಎಂಬುದು ಮುಖ್ಯ. ಒಂದು ಲೋಟ ಸಿಹಿ ಪಾನೀಯವನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದವರ ಹಲ್ಲಿಗೆ ಒಂದು ದಾಳಿ. ಅದನ್ನೇ ಮೇಜಿನ ಮೇಲಿಟ್ಟುಕೊಂಡು ಎರಡು ಗಂಟೆ ಗುಟುಕರಿಸಿದವರ ಹಲ್ಲಿಗೆ ಎರಡು ಗಂಟೆಯೂ ಬಿಡುವಿಲ್ಲ. ಗಂಟಲು ಕೆರೆತಕ್ಕೆಂದು ದಿನವಿಡೀ ಚೀಪುವ ಸಿಹಿ ಗುಳಿಗೆ, ಮಕ್ಕಳಿಗೆ ಮಲಗುವ ಮುನ್ನ ಕೊಡುವ ಸಕ್ಕರೆ ಬೆರೆತ ಸಿರಪ್, ಹಲ್ಲಿನ ಗುಳಿಗಳಲ್ಲಿ ಅಂಟಿ ಕೂರುವ ಬಿಸ್ಕತ್ತು, ಚಿಪ್ಸ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಸಕ್ಕರೆಯಿಲ್ಲದ ಸೋಡಾ ಪಾನೀಯವೂ ಆಮ್ಲವೇ. ಅದು ಹುಳುಕು ತರದಿದ್ದರೂ ಎನಾಮಲನ್ನು ಸವೆಸುತ್ತದೆ. ಸಿಹಿ ಬೇಕೇಬೇಕೆಂದರೆ ಊಟದ ಜೊತೆಗೇ ಮುಗಿಸಿ. ನಡುವೆ ನೀರು ಕುಡಿಯಿರಿ.

ಈಗ ಉಜ್ಜುವ ವಿಷಯ. ಎರಡು ಹೊತ್ತಿನಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದು ಯಾರಾದರೂ ಹಟ ಹಿಡಿದರೆ ನಾವು ರಾತ್ರಿಯನ್ನೇ ಹೇಳುತ್ತೇವೆ. ದುರದೃಷ್ಟಕ್ಕೆ ಜನ ತಪ್ಪಿಸುವುದೂ ಅದನ್ನೇ. ನಿದ್ದೆಯಲ್ಲಿ ಎಂಜಲು ಒಸರುವುದು ತೀರಾ ಕಡಿಮೆಯಾಗುತ್ತದೆ. ಹಲ್ಲಿನ ಸಂದಿನಲ್ಲಿ ಉಳಿದ ಆಹಾರ ಮತ್ತು ಬ್ಯಾಕ್ಟೀರಿಯಾಗಳಿಗೆ ಏಳೆಂಟು ಗಂಟೆ ಯಾರ ಅಡ್ಡಿಯೂ ಇರುವುದಿಲ್ಲ. ಪೇಸ್ಟ್ ಕೊಳ್ಳುವಾಗ ಮುಂಭಾಗದ ಬಣ್ಣದ ಮಾತುಗಳನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಫ್ಲೋರೈಡ್ 1000 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ) ಕಡಿಮೆಯಿಲ್ಲದೆ ಇರಬೇಕು; ಸಾಮಾನ್ಯ ಪೇಸ್ಟ್‌ಗಳಲ್ಲಿ ಅದು 1000ದಿಂದ 1500 ಪಿಪಿಎಂ ಒಳಗಿರುತ್ತದೆ. ಇದ್ದಿಲು, ಉಪ್ಪು, ಗಿಡಮೂಲಿಕೆ ಇತ್ಯಾದಿ ಇರಲಿ, ಬಿಡಲಿ, ಹುಳುಕು ತಡೆಯುವ ಕೆಲಸ ಮಾಡುವುದು ಫ್ಲೋರೈಡ್. ಇದ್ದಿಲ ಪುಡಿಯಂತೂ ಕಲೆಯ ಜೊತೆ ಎನಾಮಲನ್ನೂ ಉಜ್ಜಿ ತೆಗೆಯಬಲ್ಲದು. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗುಳಿ, ಅಷ್ಟೇ. ನೀರು ತುಂಬಿಕೊಂಡು ಮೂರು ನಾಲ್ಕು ಸಲ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿದು ಕೆಲಸ ಮಾಡಬೇಕಿದ್ದ ಫ್ಲೋರೈಡ್ ಬೇಸಿನ್ನಿನ ಪಾಲಾಗುತ್ತದೆ. ಬಾಯಲ್ಲಿ ಪೇಸ್ಟಿನ ರುಚಿ ಉಳಿಯುವುದು ಮೊದಲ ವಾರ ಕಿರಿಕಿರಿ ಎನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಈ ಪತ್ರದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಇದಕ್ಕೆ ಖರ್ಚಿಲ್ಲ, ಸಮಯವೂ ಬೇಡ.

ಬ್ರಶ್ ಮೆದುವಾಗಿರಲಿ, ತಲೆ ಚಿಕ್ಕದಿರಲಿ. ಗಟ್ಟಿ ಬ್ರಶ್ ಹೆಚ್ಚು ಸ್ವಚ್ಛ ಮಾಡುತ್ತದೆಂಬುದು ಭ್ರಮೆ. ಅಡ್ಡಡ್ಡ ಗರಗಸ ಎಳೆದಂತೆ ಉಜ್ಜುವವರ ಕೋರೆಹಲ್ಲಿನ ಬುಡ ಸವೆದು ಬೆಣೆಯಾಕಾರದ ಕಚ್ಚು ಬೀಳುತ್ತದೆ, ಒಸಡು ಇಳಿಯುತ್ತದೆ, ತಣ್ಣೀರು ಕುಡಿದರೆ ಪ್ರಾಣ ಹೋದಂತಾಗುತ್ತದೆ. ಸರಿಯಾದ ಕ್ರಮ ಹೀಗೆ: ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಬರುವಂತೆ ಬ್ರಶ್ಶನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಎರಡು ಮೂರು ಹಲ್ಲುಗಳ ಜಾಗದಲ್ಲೇ ಸಣ್ಣಗೆ ಅಲುಗಿಸಿ, ಬಳಿಕ ಒಸಡಿನಿಂದ ಹಲ್ಲಿನ ತುದಿಯತ್ತ ಒರೆಸಿ, ಮುಂದಿನ ಗುಂಪಿಗೆ ಹೋಗಿ. ಒಟ್ಟು ಎರಡು ನಿಮಿಷ. ಬಲಗೈಯವರು ಬಲಗಡೆಯ ಹಲ್ಲುಗಳನ್ನು, ಅದರಲ್ಲೂ ಕೆಳದವಡೆಯ ಒಳಬದಿಯನ್ನು, ಬಹಳ ಸಲ ತಪ್ಪಿಸುತ್ತಾರೆ. ಕನ್ನಡಿಯಲ್ಲಿ ಕಾಣುವ ಮುಂಭಾಗಕ್ಕೇ ಅರ್ಧ ಸಮಯ ಹೋಗಿಬಿಡುತ್ತದೆ. ಆದ್ದರಿಂದ ಶುರುಮಾಡುವಾಗಲೇ ಕೊನೆಯ ದವಡೆ ಹಲ್ಲಿನ ಒಳಬದಿಯಿಂದ ಶುರುಮಾಡಿ. ಎಳೆಗಳು ಹೊರಕ್ಕೆ ಬಾಗಿದರೆ, ಇಲ್ಲವೇ ಮೂರ್ನಾಲ್ಕು ತಿಂಗಳಾದರೆ ಬ್ರಶ್ ಬದಲಿಸಿ. ವಾಂತಿಯಾದ ತಕ್ಷಣ ಅಥವಾ ಹುಳಿ ಪಾನೀಯ ಕುಡಿದ ಕೂಡಲೇ ಉಜ್ಜಬೇಡಿ. ಆಮ್ಲದಿಂದ ಮೆದುವಾದ ಪದರ ಸವೆಯುತ್ತದೆ. ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಾಯಿರಿ.

ಎಷ್ಟೇ ಚೆನ್ನಾಗಿ ಉಜ್ಜಿದರೂ ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಸಂದಿಗೆ ಬ್ರಶ್ ಹೋಗುವುದಿಲ್ಲ. ದೊಡ್ಡವರಲ್ಲಿ ಹುಳುಕೂ ಒಸಡಿನ ಬಾವೂ ಹೆಚ್ಚಾಗಿ ಅಡಗುವುದು ಅಲ್ಲೇ. ಸಂದು ಬಿಗಿಯಾಗಿದ್ದರೆ ಫ್ಲಾಸ್ ದಾರ ಬೇಕು. ಸುಮಾರು 45 ಸೆಂಟಿಮೀಟರ್ ತೆಗೆದುಕೊಂಡು ಎರಡೂ ನಡುಬೆರಳಿಗೆ ಸುತ್ತಿ, ಸಂದಿಗೆ ಹಿಂದೆಮುಂದೆ ಆಡಿಸುತ್ತಾ ಇಳಿಸಿ. ಬಳಿಕ ಒಂದು ಹಲ್ಲಿನ ಬದಿಯನ್ನು ಅಪ್ಪಿಕೊಳ್ಳುವಂತೆ ಬಾಗಿಸಿ ಮೇಲೆ ಕೆಳಗೆ ಒರೆಸಿ, ಪಕ್ಕದ ಹಲ್ಲಿಗೂ ಹಾಗೆಯೇ ಮಾಡಿ. ಫಟ್ಟನೆ ಒತ್ತಿ ಇಳಿಸಿದರೆ ಒಸಡು ಕೊಯ್ಯುತ್ತದೆ. ಒಸಡು ಇಳಿದು ಸಂದು ಅಗಲವಾಗಿದ್ದರೆ ದಾರಕ್ಕಿಂತ ಸಂದಿನ ಪುಟ್ಟ ಬ್ರಶ್ ವಾಸಿ. ಟೂತ್‌ಪಿಕ್ಕಿನಿಂದ ಕೆದಕುವುದು ಎರಡಕ್ಕೂ ಬದಲಲ್ಲ. ಮೌತ್‌ವಾಶ್ ಕೂಡ ಹಾಗೆಯೇ, ಅಂಟಿಕೊಂಡ ಪಾಚಿಯನ್ನು ಅದು ಕೀಳುವುದಿಲ್ಲ. ವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಒಳ್ಳೆಯ ಔಷಧ, ಆದರೆ ಒಂದೆರಡು ವಾರಕ್ಕೆ ಮಾತ್ರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು, ನಾಲಿಗೆಗೆ ಕಂದು ಕಲೆ ಕಟ್ಟುತ್ತದೆ, ರುಚಿಯೂ ಕೆಡುತ್ತದೆ. ಪೇಸ್ಟಿನ ನೊರೆಕಾರಕ ಅದರ ಶಕ್ತಿ ಕುಂದಿಸುವುದರಿಂದ ಉಜ್ಜಿ ಅರ್ಧ ಗಂಟೆ ಕಳೆದ ಮೇಲೆ ಬಳಸಬೇಕು.

ಮಕ್ಕಳ ವಿಷಯಕ್ಕೆ ಬಂದರೆ, ‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ’ ಎಂಬ ಮಾತಿನಷ್ಟು ಹಾನಿ ಬೇರಾವುದೂ ಮಾಡಿಲ್ಲವೇನೋ. ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಬರುತ್ತದೆ, ಕೆಲವು ತಿಂಗಳು ಆಚೀಚೆ ಆದರೂ ಚಿಂತೆಯಿಲ್ಲ. ಎರಡೂವರೆ ಮೂರು ವರ್ಷಕ್ಕೆ ಇಪ್ಪತ್ತೂ ಹಾಲುಹಲ್ಲು ಬಂದಿರುತ್ತವೆ. ಅವುಗಳಲ್ಲಿ ದವಡೆ ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೇ ವಯಸ್ಸಿಗೆ. ಐದನೇ ವಯಸ್ಸಿಗೆ ಹುಳುಕಾದ ಹಲ್ಲನ್ನು ಮಗು ಇನ್ನೂ ಐದಾರು ವರ್ಷ ಬಾಯಲ್ಲಿಟ್ಟುಕೊಂಡು ಉಣ್ಣಬೇಕು, ಮಲಗಬೇಕು, ಶಾಲೆಗೆ ಹೋಗಬೇಕು. ಅದರ ಬೇರಿನ ಕೀವು ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮಲನ್ನೂ ಕೆಡಿಸಬಹುದು. ಅವಧಿಗೆ ಮುನ್ನ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸ ಹಲ್ಲಿಗೆ ದಾರಿಯೇ ಉಳಿಯುವುದಿಲ್ಲ. ಕೀಳಲೇಬೇಕಾದರೆ ಜಾಗ ಕಾಯುವ ತಂತಿಯ ಸಾಧನ ಬೇಕೇ ಎಂದು ವೈದ್ಯರನ್ನು ಕೇಳಿ.

ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಬೇಕು. ಮೂರು ವರ್ಷದೊಳಗೆ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, ಎಳೆಗಳಿಗೆ ಸವರಿದಂತೆ. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಮಕ್ಕಳು ನುಂಗುತ್ತಾರೆ. ಎಂಟು ವರ್ಷದೊಳಗೆ ಫ್ಲೋರೈಡ್ ಅತಿಯಾಗಿ ಹೊಟ್ಟೆಗೆ ಹೋದರೆ ಒಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳಿಗೆ ಬಿಳಿ, ಕಂದು ಮಚ್ಚೆ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿರುವ ಕಡೆ ಪೇಸ್ಟಿನ ಆಯ್ಕೆಯನ್ನು ವೈದ್ಯರ ಜೊತೆ ಮಾತಾಡಿಯೇ ಮಾಡಿ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಹಿಂಬದಿಯ ಹಲ್ಲುಜ್ಜುವ ಹದ ಬಂದಿರುವುದಿಲ್ಲ. ಮಗು ತಾನೇ ಉಜ್ಜಿಕೊಳ್ಳಲಿ, ಆಮೇಲೆ ಅಪ್ಪನೋ ಅಮ್ಮನೋ ಮಗುವಿನ ಹಿಂದೆ ನಿಂತು, ತಲೆಯನ್ನು ತಮ್ಮ ಎದೆಗೆ ಆನಿಸಿಕೊಂಡು ಇನ್ನೊಮ್ಮೆ ಉಜ್ಜಲಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಮೇಲಿನ ಮುಂಬಲ್ಲುಗಳು ಮೊದಲು ಕರಗುತ್ತವೆ. ಕೆಳಗಿನವು ನಾಲಿಗೆಯ ಮತ್ತು ಎಂಜಲಿನ ರಕ್ಷಣೆಯಲ್ಲಿ ಉಳಿದುಕೊಳ್ಳುತ್ತವೆ. ಈ ಮಾದರಿ ಕಂಡರೆ ಕಾರಣ ಊಹಿಸುವುದು ಸುಲಭ. ಒಂದು ವರ್ಷ ತುಂಬುವ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ, ಬಿಳಿ ಗೆರೆಯ ಹಂತದಲ್ಲೇ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ. ಹುಳುಕು ಮುಂದುವರಿದಿದ್ದು, ಡ್ರಿಲ್‌ಗೆ ಮಗು ಒಪ್ಪದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಅದನ್ನು ನಿಲ್ಲಿಸಬಹುದು. ಹುಳುಕಿನ ಜಾಗ ಖಾಯಂ ಕಪ್ಪಾಗುತ್ತದೆಂಬುದು ಮೊದಲೇ ತಿಳಿದಿರಲಿ.

ಆರನೇ ವಯಸ್ಸಿನಲ್ಲಿ ಹೆತ್ತವರ ಕಣ್ತಪ್ಪಿಸುವ ಒಂದು ಘಟನೆ ನಡೆಯುತ್ತದೆ. ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆ ಹಲ್ಲುಗಳು ಹುಟ್ಟುತ್ತವೆ. ಏನೂ ಬಿದ್ದಿಲ್ಲವಾದ್ದರಿಂದ ಇವೂ ಹಾಲುಹಲ್ಲೇ ಇರಬೇಕೆಂದು ಮನೆಯವರು ತಿಳಿಯುತ್ತಾರೆ. ಅಲ್ಲ, ಅವು ಜೀವಮಾನಪೂರ್ತಿ ಇರಬೇಕಾದವು, ಮತ್ತೆ ಬರುವುದಿಲ್ಲ. ಅವುಗಳ ಮೇಲ್ಮೈಯ ಗೀರುಗಳು ಎಷ್ಟೋ ಸಲ ಬ್ರಶ್ಶಿನ ಎಳೆಗಿಂತ ಕಿರಿದಾಗಿರುತ್ತವೆ. ಹಲ್ಲು ಪೂರ್ತಿ ಮೇಲೆ ಬರಲು ಹಲವು ತಿಂಗಳು ಬೇಕು. ಅಲ್ಲಿಯವರೆಗೆ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಶ್ ಅದನ್ನು ಮುಟ್ಟದೆ ಮೇಲಿಂದ ಹಾದುಹೋಗುತ್ತದೆ. ಅಡ್ಡಲಾಗಿ, ಕೆನ್ನೆಯ ಕಡೆಯಿಂದ ಬ್ರಶ್ ತೂರಿಸಿ ಅದೊಂದನ್ನೇ ಬೇರೆಯಾಗಿ ಉಜ್ಜಬೇಕು. ಹಲ್ಲು ಸಾಕಷ್ಟು ಹೊರಬಂದ ಕೂಡಲೇ ಗೀರು ಮುಚ್ಚುವ ಸೀಲೆಂಟ್ ಹಾಕಿಸುವುದು ಮಕ್ಕಳ ಹಲ್ಲಿಗಾಗಿ ಮಾಡುವ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಎಂಬುದು ನಮ್ಮ ಅಭಿಪ್ರಾಯ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಹಲ್ಲನ್ನು ಶುಚಿಮಾಡಿ, ಒಣಗಿಸಿ, ಗೀರಿಗೆ ದ್ರವರೂಪದ ರಾಳ ಹಚ್ಚಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಹಚ್ಚುವಾಗ ಎಂಜಲು ತಾಗಿದರೆ ಅದು ಹಿಡಿಯುವುದಿಲ್ಲ, ಬೇಗ ಉದುರುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲೂ ಅದು ಇದೆಯೇ ನೋಡಿಸಿ. ಹನ್ನೆರಡರ ಸುಮಾರಿಗೆ ಬರುವ ಎರಡನೇ ದವಡೆ ಹಲ್ಲಿಗೂ ಇದೇ ಮಾತು. ಇನ್ನು ಕೆಳಗಿನ ಮುಂಬಲ್ಲು ಹಾಲುಹಲ್ಲಿನ ಹಿಂದೆಯೇ ಇನ್ನೊಂದು ಸಾಲಾಗಿ ಹುಟ್ಟಿದರೆ ಗಾಬರಿ ಬೇಡ. ಹಾಲುಹಲ್ಲು ಅಲುಗುತ್ತಿದ್ದರೆ ತಾನೇ ಬೀಳುತ್ತದೆ, ನಾಲಿಗೆ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ಒಂಚೂರೂ ಅಲುಗದಿದ್ದರೆ ತೋರಿಸಿ.

ಬಿದ್ದೋ ಚೆಂಡು ಬಡಿದೋ ಶಾಶ್ವತ ಹಲ್ಲು ಬೇರುಸಮೇತ ಹೊರಬಂದರೆ ಗಡಿಯಾರ ನೋಡಿಕೊಳ್ಳಿ. ಬೇರಿನ ಮೇಲಿರುವ ಜೀವಕೋಶಗಳು ಒಣಗಿದರೆ ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಹಲ್ಲನ್ನು ಬಿಳಿಯ ಭಾಗದಲ್ಲಷ್ಟೇ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಒರೆಸಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಕೆಲವು ಸೆಕೆಂಡು ಅದ್ದಿ, ಅದೇ ಗುಳಿಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ, ಕೂಡಲೇ ದಂತವೈದ್ಯರ ಬಳಿಗೆ ಹೋಗಿ. ಕೂರಿಸುವ ಧೈರ್ಯ ಬಾರದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ನೀರಿನಲ್ಲಿ ಬೇಡ, ಕರವಸ್ತ್ರದಲ್ಲಂತೂ ಬೇಡವೇ ಬೇಡ. ಹಾಲುಹಲ್ಲಾದರೆ ಮರಳಿ ಕೂರಿಸಲೇಬಾರದು, ಕೆಳಗಿನ ಹಲ್ಲಿಗೆ ಪೆಟ್ಟಾಗುತ್ತದೆ.

ದೊಡ್ಡವರಲ್ಲಿ ಹಲ್ಲು ಬೀಳಿಸುವ ಇನ್ನೊಂದು ಕಾಯಿಲೆ ಒಸಡಿನದು, ಇದೂ ನೋವಿಲ್ಲದೆ ಸಾಗುತ್ತದೆ. ಉಜ್ಜುವಾಗ ರಕ್ತ ಬಂದರೆ ಜನ ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಮಾಡಬೇಕಾದ್ದು ಅದಕ್ಕೆ ವಿರುದ್ಧ: ರಕ್ತ ಬರುವ ಕಡೆಯೇ ಮೆದುವಾಗಿ, ಹೆಚ್ಚು ಗಮನವಿಟ್ಟು ಶುಚಿ ಮಾಡಬೇಕು. ಬಾವು ಮೇಲ್ಮಟ್ಟದ್ದಾದರೆ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಸಾಮಾನ್ಯವಾಗಿ ಪಾಚಿ ಗಟ್ಟಿಯಾಗಿ ಕಲ್ಲಾಗಿದೆ ಎಂದರ್ಥ, ಅದನ್ನು ಬ್ರಶ್ ತೆಗೆಯಲಾರದು, ದಂತವೈದ್ಯರು ಕೆರೆದು ತೆಗೆಯುವ ಸ್ಕೇಲಿಂಗ್ ಬೇಕು. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ’ ಎಂಬ ಹೆದರಿಕೆ ಎಲ್ಲೆಡೆ ಇದೆ. ನಡೆಯುವುದೇನೆಂದರೆ, ಒಳಗೆ ಮೂಳೆ ಆಗಲೇ ಕರಗಿರುತ್ತದೆ, ಅಲುಗುವ ಹಲ್ಲುಗಳನ್ನು ಆ ಕಲ್ಲೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ತೆಗೆದಾಗ ಮುಚ್ಚಿದ್ದ ಸಂದು ಕಾಣುತ್ತದೆ, ಬಾವು ಇಳಿದು ಒಸಡು ಕುಗ್ಗುತ್ತದೆ. ಸ್ಕೇಲಿಂಗ್ ನಂತರ ಕೆಲವು ದಿನ ಹಲ್ಲು ಜುಮ್ಮೆನ್ನುವುದು ಸಹಜ. ಹಲ್ಲು ಮತ್ತು ಒಸಡಿನ ನಡುವಿನ ಸಂದಿನ ಆಳ ಮೂರು ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಅದಕ್ಕಿಂತ ಆಳವಾದರೆ ಮನೆಯ ಶುಚಿತ್ವ ಅಲ್ಲಿಗೆ ಮುಟ್ಟುವುದಿಲ್ಲ. ಮುಂದಿನ ಸಲ ಹೋದಾಗ ‘ಆಳ ಅಳೆದಿರಾ?’ ಎಂದು ಕೇಳಿ. ಕರಗಿದ ಮೂಳೆ ತಾನಾಗಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿ. ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತಸಂಚಾರ ಕುಗ್ಗಿ ರಕ್ತ ಬರುವುದೇ ಕಡಿಮೆ, ಹಾಗಾಗಿ ಅವರಿಗೆ ಈ ಎಚ್ಚರಿಕೆಯೂ ಸಿಗುವುದಿಲ್ಲ.

ಮಧುಮೇಹ ಹತೋಟಿಯಲ್ಲಿಲ್ಲದವರ ಒಸಡು ಬೇಗ ಹಾಳಾಗುತ್ತದೆ. ಒಸಡಿನ ಬಾವು ಸಕ್ಕರೆಯ ಹತೋಟಿಯನ್ನೂ ಕಷ್ಟ ಮಾಡುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಗರ್ಭಿಣಿಯರಲ್ಲಿ ಹಾರ್ಮೋನಿನ ಬದಲಾವಣೆಯಿಂದ ಅದೇ ಪ್ರಮಾಣದ ಪಾಚಿಗೂ ಒಸಡು ಹೆಚ್ಚು ಊದಿಕೊಳ್ಳುತ್ತದೆ. ಹೆರಿಗೆಯಾಗಲಿ, ಆಮೇಲೆ ನೋಡೋಣ ಎಂದು ಹಲ್ಲಿನ ಚಿಕಿತ್ಸೆ ಮುಂದೂಡುವುದು ತಪ್ಪು. ಸ್ಕೇಲಿಂಗ್, ಫಿಲ್ಲಿಂಗ್, ಮರಗಟ್ಟಿಸುವ ಲಿಡೋಕೇನ್ ಇಂಜೆಕ್ಷನ್, ಅಗತ್ಯ ಬಿದ್ದಾಗ ರಕ್ಷಣೆಯೊಂದಿಗೆ ತೆಗೆಯುವ ಹಲ್ಲಿನ ಎಕ್ಸ್‌ರೇ ಎಲ್ಲವೂ ಸುರಕ್ಷಿತ. ನಾಲ್ಕರಿಂದ ಆರನೇ ತಿಂಗಳು ಕುರ್ಚಿಯಲ್ಲಿ ಒರಗಿ ಕೂರಲು ಹೆಚ್ಚು ಆರಾಮ, ಅಷ್ಟೇ. ಕೀವು ತುಂಬಿದ ಹಲ್ಲಿಗಾದರೆ ಯಾವ ತಿಂಗಳೂ ಕಾಯಬಾರದು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರ ಬೇಡ, ಮಗುವಿನ ಹಲ್ಲಿಗೆ ಖಾಯಂ ಕಲೆ ಬೀಳುತ್ತದೆ.

ಇನ್ನು ನೋವು ಬಂದೇ ಬಿಟ್ಟಿತು ಎನ್ನೋಣ. ಆಗ ಅದರ ಸ್ವಭಾವ ಗಮನಿಸಿ ವೈದ್ಯರಿಗೆ ಹೇಳಿದರೆ ಅರ್ಧ ರೋಗನಿದಾನ ಆದಂತೆ. ತಣ್ಣಗಿನದು ತಾಗಿದಾಗ ಜುಮ್ಮೆಂದು, ತೆಗೆದ ಕೂಡಲೇ ನಿಂತರೆ ತಿರುಳು ಇನ್ನೂ ಉಳಿಯುವ ಸ್ಥಿತಿಯಲ್ಲಿದೆ. ತೆಗೆದ ಮೇಲೂ ನಿಮಿಷಗಟ್ಟಲೆ ಮಿಡಿಯುವುದು, ಬಿಸಿಗೆ ಹೆಚ್ಚುವುದು, ರಾತ್ರಿ ಮಲಗಿದಾಗ ತಾನಾಗಿ ಶುರುವಾಗುವುದು ತಿರುಳು ಚೇತರಿಸಿಕೊಳ್ಳದಷ್ಟು ಕೆಟ್ಟಿರುವ ಗುರುತು. ಕಚ್ಚಿದಾಗ ಮಾತ್ರ ನೋಯುವುದು ಬೇರಿನ ತುದಿಯ ಬಾವಿನಿಂದಲೋ ಹಲ್ಲಿನ ಬಿರುಕಿನಿಂದಲೋ ಇರಬಹುದು. ಕಚ್ಚಿ ಬಿಡುವ ಕ್ಷಣದಲ್ಲಿ ಛಳಕ್ಕೆಂದರೆ ಬಿರುಕಿನ ಅನುಮಾನ ಹೆಚ್ಚು. ಎಲ್ಲಕ್ಕಿಂತ ಮೋಸದ್ದು, ವಾರವಿಡೀ ಕಾಡಿದ ನೋವು ಇದ್ದಕ್ಕಿದ್ದಂತೆ ಮಾಯವಾಗುವುದು. ಗುಣವಾಯಿತೆಂದು ಎಷ್ಟೋ ಮಂದಿ ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತಾರೆ. ಸತ್ತದ್ದು ನರ, ಸೋಂಕು ಈಗ ಮೂಳೆಯತ್ತ ಸಾಗುತ್ತಿದೆ. ತಿಂಗಳುಗಳ ನಂತರ ಒಸಡಿನ ಮೇಲೆ ಬಂದು ಹೋಗುವ ಕೀವಿನ ಗುಳ್ಳೆ ಅದರ ಮುಂದಿನ ಹಂತ.

ಔಷಧದಂಗಡಿಯಲ್ಲಿ ಆಂಟಿಬಯಾಟಿಕ್ ಕೇಳಿ ಪಡೆಯುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಊದಿದ ತಿರುಳಿನ ನೋವಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಮುಖ ಊತ, ಜ್ವರದಂಥ ಹರಡುವ ಸೋಂಕಿನ ಲಕ್ಷಣವಿದ್ದರೆ ಮಾತ್ರ ಅದಕ್ಕೆ ಪಾತ್ರ, ಆಗಲೂ ಮೂಲವಾದ ಹಲ್ಲಿಗೆ ಚಿಕಿತ್ಸೆ ಆಗಲೇಬೇಕು. ಒಂದೆರಡು ದಿನದ ಮಟ್ಟಿಗೆ ನೋವು ತಡೆಯಲು, ಆರೋಗ್ಯವಂತ ವಯಸ್ಕರು ಊಟದ ನಂತರ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆಗೆ 500 ಮಿಲಿಗ್ರಾಂ ಪ್ಯಾರಸಿಟಮಾಲ್ ತೆಗೆದುಕೊಂಡರೆ ಎರಡನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್ ಅನ್ನು ತಾವಾಗಿ ತೆಗೆದುಕೊಳ್ಳಬಾರದು. ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಪಕ್ಕ ಒತ್ತಿಡುವುದು ಬೇಡ, ಒಸಡು ಸುಟ್ಟು ಬಿಳಿಚಿಕೊಳ್ಳುತ್ತದೆ. ಊತ ಕಣ್ಣಿನತ್ತ ಏರಿದರೆ, ದವಡೆಯ ಕೆಳಗೆ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಉಸಿರು ಕಟ್ಟಿದಂತಾದರೆ ಅದು ಕ್ಲಿನಿಕ್ ತೆರೆಯುವವರೆಗೆ ಕಾಯುವ ವಿಷಯವಲ್ಲ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ರಾತ್ರಿಯಾದರೂ.

ರೂಟ್ ಕೆನಾಲ್ ಅರ್ಧಕ್ಕೆ ಬಿಡುವವರು ಬಹಳ. ಮೊದಲ ಸಲ ತಿರುಳು ತೆಗೆದಾಗ ನೋವು ಹೋಗುತ್ತದೆ, ತಾತ್ಕಾಲಿಕ ಫಿಲ್ಲಿಂಗ್ ಹಾಕಿ ಕಳಿಸುತ್ತಾರೆ, ರೋಗಿ ಮತ್ತೆ ಬರುವುದಿಲ್ಲ. ಆ ಫಿಲ್ಲಿಂಗ್ ಕೆಲವು ವಾರಗಳಿಗಷ್ಟೇ ಆಗುವಂಥದ್ದು. ಅದು ಸೋರಿದರೆ ಎಂಜಲು ಒಳಗಿಳಿದು ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಕಾಲುವೆಗಳನ್ನು ಪೂರ್ತಿ ತುಂಬಿಸಿದ ಮೇಲೂ ದವಡೆ ಹಲ್ಲಾದರೆ ಕ್ಯಾಪ್ ಹಾಕಿಸುವುದು ಬಹುತೇಕ ಅಗತ್ಯ. ಹುಳುಕು ಮತ್ತು ಡ್ರಿಲ್ ಸೇರಿ ಒಳಭಾಗ ಖಾಲಿಯಾದ ಹಲ್ಲು ಜಗಿಯುವ ಒತ್ತಡಕ್ಕೆ ಉದ್ದಕ್ಕೆ ಸೀಳುತ್ತದೆ, ಸೀಳು ಬೇರಿಗೆ ಇಳಿದರೆ ಕೀಳದೆ ದಾರಿಯಿಲ್ಲ. ಮುಂಬಲ್ಲಿಗೆ ಕೆಲವೊಮ್ಮೆ ಫಿಲ್ಲಿಂಗೇ ಸಾಕು. ಹಲ್ಲು ಕೀಳಿಸಿದರೆ ಹತ್ತಿಯನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿ ಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. 24 ಗಂಟೆ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಿಂದ ಹೀರುವುದು, ಸೇದುವುದು ಯಾವುದೂ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎರಡರಿಂದ ನಾಲ್ಕು ದಿನದೊಳಗೆ ಕಿವಿಯವರೆಗೆ ಎಳೆಯುವ ನೋವು ಶುರುವಾಗುತ್ತದೆ. ಮರುದಿನದಿಂದ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಿ ತೊಳೆಯಿರಿ.

ಹಿರಿಯರ ಬಾಯಿ ಬೇರೆಯದೇ ಲೋಕ. ರಕ್ತದೊತ್ತಡ, ಖಿನ್ನತೆ, ಅಲರ್ಜಿಗೆ ಕೊಡುವ ಹಲವು ಮಾತ್ರೆಗಳು ಎಂಜಲನ್ನು ಕಡಿಮೆ ಮಾಡುತ್ತವೆ. ಒಸಡು ಇಳಿದು ತೆರೆದುಕೊಂಡ ಬೇರಿಗೆ ಎನಾಮಲ್ ಹೊದಿಕೆಯಿಲ್ಲ, ಅದು ಪಿಎಚ್ 6ರ ಮೇಲಿರುವಾಗಲೇ ಕರಗಲು ತೊಡಗುತ್ತದೆ. ಎಪ್ಪತ್ತು ವರ್ಷ ಒಂದೂ ಹುಳುಕಿಲ್ಲದವರಿಗೆ ಒಂದೆರಡು ವರ್ಷದಲ್ಲಿ ನಾಲ್ಕೈದು ಹಲ್ಲು ಬುಡದಲ್ಲಿ ಮುರಿದು ಬೀಳುವುದು ಹೀಗೆ. ಒಣ ಬಾಯಿಗೆ ಸಿಹಿ ಪೆಪ್ಪರಮಿಂಟ್ ಚೀಪುವುದು ಬೆಂಕಿಗೆ ತುಪ್ಪ ಸುರಿದಂತೆ. ಆಗಾಗ ನೀರು ಗುಟುಕರಿಸಲಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್ ಆಗಲಿ. ಹೆಚ್ಚು ಅಪಾಯವಿರುವವರಿಗೆ 5000 ಪಿಪಿಎಂ ಫ್ಲೋರೈಡಿನ ಪೇಸ್ಟನ್ನು ವೈದ್ಯರು ಬರೆದುಕೊಡಬಹುದು. ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದು ತಣ್ಣೀರಿನಲ್ಲಿಡಬೇಕು. ಬಿಸಿನೀರಿಗೆ ಅದು ಡೊಂಕಾಗುತ್ತದೆ, ಟೂತ್‌ಪೇಸ್ಟಿಗೆ ಗೀರು ಬೀಳುತ್ತದೆ, ಆ ಗೀರುಗಳಲ್ಲಿ ಶಿಲೀಂಧ್ರ ಮನೆಮಾಡುತ್ತದೆ. ಸೋಪಿನ ನೀರು, ಮೆದು ಬ್ರಶ್ ಸಾಕು. ತೊಳೆಯುವಾಗ ಬೇಸಿನ್ನಿನಲ್ಲಿ ನೀರು ತುಂಬಿಸಿಟ್ಟುಕೊಂಡರೆ ಕೈಜಾರಿದರೂ ಒಡೆಯುವುದಿಲ್ಲ. ಹಲ್ಲಿಲ್ಲದ ದವಡೆಯ ಮೂಳೆ ವರ್ಷಗಳಲ್ಲಿ ಕುಗ್ಗುತ್ತಾ ಹೋಗುವುದರಿಂದ ಸೆಟ್ ಸಡಿಲವಾಗುವುದು ಖಂಡಿತ. ಅಂಟು ಹಚ್ಚಿ ಎಳೆದಾಡುವ ಬದಲು ಒಳಭಾಗಕ್ಕೆ ಹೊಸ ಪದರ ಹಾಕಿಸಿ. ಹಾಸಿಗೆ ಹಿಡಿದವರ ಬಾಯನ್ನು ನೋಡಿಕೊಳ್ಳುವವರೇ ಶುಚಿ ಮಾಡಬೇಕು, ತಲೆ ಎತ್ತರಿಸಿ, ಪಕ್ಕಕ್ಕೆ ಹೊರಳಿಸಿ. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಅವರಿಗೆ ಹೆಚ್ಚು.

ಹಲ್ಲು ಕೀಳಿಸುವ ಮೊದಲು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ. ರಕ್ತ ತೆಳುವಾಗುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಕಿತ್ತ ಜಾಗದ ರಕ್ತವನ್ನು ಒತ್ತಿ ನಿಲ್ಲಿಸಬಹುದು, ಮಿದುಳಿಗೆ ಹೋದ ಹೆಪ್ಪನ್ನು ಹಾಗೆ ನಿಲ್ಲಿಸಲಾಗದು. ಮೂಳೆಸವೆತಕ್ಕೆ ಅಥವಾ ಮೂಳೆಗೆ ಹಬ್ಬಿದ ಕ್ಯಾನ್ಸರಿಗೆ ಬಿಸ್ಫಾಸ್ಫೊನೇಟ್, ಡೆನೊಸುಮಾಬ್ ಪಡೆಯುತ್ತಿರುವವರಲ್ಲಿ ಕಿತ್ತ ಗುಳಿ ಮಾಯದೆ ಮೂಳೆ ಬಯಲಾಗುವ ಅಪಾಯವಿದೆ. ಆ ಔಷಧ ಶುರುಮಾಡುವ ಮುನ್ನವೇ ಕೆಟ್ಟ ಹಲ್ಲುಗಳ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಹೃದಯದ ಕೃತಕ ಕವಾಟ ಇರುವವರಿಗೆ ಕೀಳುವ ಮುನ್ನ ಆಂಟಿಬಯಾಟಿಕ್ ಬೇಕಾಗುತ್ತದೆ.

ಯಾವ ವಯಸ್ಸಿನವರಿಗೇ ಆಗಲಿ, ಬಾಯಿಯ ಹುಣ್ಣು ಎರಡು ಮೂರು ವಾರ ದಾಟಿದರೂ ಮಾಯದಿದ್ದರೆ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ತೆರೆಯುವುದು ದಿನೇದಿನೇ ಕಿರಿದಾದರೆ, ಕಾರಣವಿಲ್ಲದೆ ಒಂದು ಹಲ್ಲು ಅಲುಗಿದರೆ ತೋರಿಸಲೇಬೇಕು. ತಂಬಾಕು ಬಳಸುವವರಂತೂ ಒಂದು ದಿನವೂ ತಡಮಾಡಬಾರದು. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಚುಚ್ಚುವ, ಉರಿಯುವ ಸಣ್ಣ ಹುಣ್ಣಿಗೆ ಓಡಿಬರುವವರು ನೋವಿಲ್ಲದ ಗಟ್ಟಿ ಅಂಚಿನ ಹುಣ್ಣನ್ನು ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ.

ಪತ್ರಿಕೆಗೆ ಒಂದು ಕೋರಿಕೆಯಿದೆ. ಹಲ್ಲಿನ ಬರಹಗಳ ಜೊತೆಗೆ ಬ್ರಶ್ಶಿನ ಉದ್ದಕ್ಕೂ ಅಲೆಯಲೆಯಾಗಿ ಪೇಸ್ಟ್ ಹಿಂಡಿದ ಚಿತ್ರ ಹಾಕುವುದನ್ನು ದಯವಿಟ್ಟು ಬಿಡಿ, ಅದು ಮಾರುವವರ ಅಳತೆ. ದೊಡ್ಡವರಿಗೂ ಸುಮಾರು ಒಂದು ಸೆಂಟಿಮೀಟರ್ ಸಾಕು. ಮಗು ಉಜ್ಜುತ್ತಿರುವ ಚಿತ್ರವಾದರೆ ಬ್ರಶ್ಶಿನ ಮೇಲೆ ವಯಸ್ಸಿಗೆ ತಕ್ಕಂತೆ ಅಕ್ಕಿಕಾಳಿನಷ್ಟೋ ಬಟಾಣಿಯಷ್ಟೋ ಪೇಸ್ಟ್ ಇರಲಿ, ಪಕ್ಕದಲ್ಲಿ ಹೆತ್ತವರ ಕೈಯೂ ಕಾಣಲಿ.

— ದಂತವೈದ್ಯರ ಒಂದು ಬಳಗ